ಅಡ್ಡಸಾಲು

ವರ್ಮಾಂಟ್, ಫೆಬ್ರುವರಿ ೧೮೪೩

ತಿರ್ಜಾ,
ಕಾಗದದ ಉದ್ದಕ್ಕೆ ಬರೆದದ್ದು ಅಮ್ಮನಿಗೆ.
ಒಲೆಯ ಬಳಿ ಕೂತು ಗಟ್ಟಿಯಾಗಿ ಓದು,
ಅವಳ ಕೈಯ ಹೆಣಿಗೆ ನಿಲ್ಲದ ಹಾಗೆ.
ಆಮೇಲೆ ಹಾಳೆಯನ್ನು ಕಾಲು ಸುತ್ತು ತಿರುಗಿಸು.
ಆ ಸಾಲುಗಳ ಮೇಲೆಯೇ
ಹಾಸಿಗೆ ಹೊಕ್ಕು ಹೊಡೆದಂತೆ
ಅಡ್ಡಡ್ಡ ಬರೆದ ಇದು ನಿನಗೆ.
ಇನ್ನೊಂದು ಹಾಳೆ ಸೇರಿಸಿದ್ದರೆ ಅಂಚೆಯವನು
ಅಪ್ಪನನ್ನು ಇನ್ನೂ ಹತ್ತು ಸೆಂಟು ಕೇಳುತ್ತಿದ್ದ.

ಅಲ್ಲಿ 'ಸಣ್ಣ ನೆಗಡಿ' ಎಂದಿದೆಯಲ್ಲ,
ಅದು ಹದಿನೇಳು ದಿನದ ಜ್ವರ.
'ಓದು ಸಾಗಿದೆ' ಎಂದರೆ
ಮಲಗಿದಲ್ಲೇ ಸೂರಿನ ಗಾರೆಯ ಬಿರುಕು ಓದಿದೆ:
ಕಿಟಕಿಯಿಂದ ಹೊರಟು ಎರಡಾಗಿ ಕವಲೊಡೆದು
ಒಲೆಯ ಕೊಳವೆಯ ಹತ್ತಿರ ಕಳೆದುಹೋಗುತ್ತದೆ.
ಬಾಯಿಪಾಠ ಬಂದಿದೆ ಈಗ.
'ಊಟಕ್ಕೆ ಕೊರತೆಯಿಲ್ಲ' ಎಂಬುದು ಮಾತ್ರ ನಿಜ;
ಮಿಸೆಸ್ ಸ್ಟಿಕ್ನಿ ದಿನಾ ಜೋಳದ ಗಂಜಿ ಕಳಿಸುತ್ತಾಳೆ,
ದಿನಾ ಲೆಕ್ಕಕ್ಕೂ ಬರೆದುಕೊಳ್ಳುತ್ತಾಳೆ.

ಇಲ್ಲಿ ಬೆಳಗು ಮಾಡುವುದು ಸೂರ್ಯನಲ್ಲ, ಗಂಟೆ.
ಬಕೀಟಿನ ನೀರು ಬೂಟಿನ ಹಿಮ್ಮಡಿಯಲ್ಲಿ ಒಡೆದು
ಮುಖಕ್ಕೆ ಹಚ್ಚಿಕೊಂಡು ಪ್ರಾರ್ಥನೆಗೆ ಓಡಬೇಕು.
ಮಲಗಿದವನಿಗೆ ಆ ಓಟ ಕೇಳಿಸುತ್ತದೆ,
ಮೆಟ್ಟಿಲ ಮೇಲೆ ಅರವತ್ತು ಜೊತೆ ಬೂಟು,
ಆಮೇಲೆ ಏನೂ ಇಲ್ಲ.
ಆ ಏನೂ ಇಲ್ಲದ್ದು ಒಂದು ತಾಸು ಇರುತ್ತದೆ.

ಡಾಕ್ಟರ್ ಹ್ಯಾಸ್ಕೆಲ್ ನಾಲಿಗೆ ನೋಡಿದರು, ಕ್ಯಾಲೊಮೆಲ್ ಕೊಟ್ಟರು.
ಜ್ವರಕ್ಕೆ ಅದರ ಪರಿವೆಯಿರಲಿಲ್ಲ.
ಒಸಡು ಬಾತು, ಹಲ್ಲುಗಳೆಲ್ಲ
ಬಾಡಿಗೆಗೆ ತಂದವರ ಹಾಗೆ ಅಲ್ಲಾಡಿದವು.

ರಾತ್ರಿ ಕೂರುವುದಕ್ಕೆ ತರಗತಿಯವರ ಸರದಿ.
ಹೋದ ವರ್ಷ ಕುಸ್ತಿಯಲ್ಲಿ ನನ್ನ ತೋಳು ಉಳುಕಿಸಿದ
ಓಬೆಡ್ ಫಾರ್ವೆಲ್ ಎರಡು ರಾತ್ರಿ ಚಮಚೆ ಹಿಡಿದು ಕೂತ.
ತೂಕಡಿಕೆ ಬಾರದಿರಲೆಂದು
ಗ್ರೀಕ್ ಕ್ರಿಯಾಪದ ಜೋರಾಗಿ ಉರು ಹೊಡೆದನಂತೆ.
ಅವು ನಮ್ಮ ಹಸುಗಳ ಹೆಸರೆಂದುಕೊಂಡು ನಾನು
ಒಂದೊಂದನ್ನೇ ಕೊಟ್ಟಿಗೆಗೆ ಕರೆದೆನಂತೆ,
ಒಂದು ಬರಲಿಲ್ಲವೆಂದು ಅತ್ತೆನಂತೆ.
ಯಾವುದು ಎಂದು ಕೇಳಿದೆ. ಅವನಿಗೆ ನೆನಪಿಲ್ಲ.

ಇಷ್ಟನ್ನು ಹೇಳಲು ಹಾಳೆ ತಿರುಗಿಸಬೇಕಿರಲಿಲ್ಲ.

ನನ್ನ ಸೂರಿನ ಮೇಲಿನ ಕೋಣೆ ಈನಸ್ ವಿಚರನದು.
ಒಂದೇ ವಾರ ಇಬ್ಬರಿಗೂ ಜ್ವರ ಹಿಡಿಯಿತು.
ನನ್ನದು ಇಳಿದ ದಿನ ಅವನದೂ ಇಳಿಯಿತು,
ಅವನ ಜೊತೆಗೇ.
ಸೋಮವಾರ ಅವರಪ್ಪ ಜಾರುಬಂಡಿ ಕಟ್ಟಿಕೊಂಡು ಬಂದ.
ಪೆಟ್ಟಿಗೆಯ ಒಂದು ಹಿಡಿಗೆ ಓಬೆಡ್ ಕೈಹಾಕಿದ,
ನಾನು ಕಂಬಳಿ ಹೊದ್ದು ಬಾಗಿಲಲ್ಲಿ ನಿಂತಿದ್ದೆ.
ಮೆಟ್ಟಿಲ ತಿರುವಿನಲ್ಲಿ ಆತ ನಿಂತು ಕೇಳಿದ,
"ನಮ್ಮ ಹುಡುಗ ನಿನಗೆ ಗೊತ್ತಿದ್ದನೇ?"

ತಿರ್ಜಾ, ನಡುರಾತ್ರಿ ಅವನು ಬೂಟು ಹಾಕಿ ತಿರುಗುವಾಗ
ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತಿದ್ದೆ.
ನಮ್ಮಿಬ್ಬರ ಮಾತು ಅಷ್ಟೇ.
ಅವನು ಒಂದು ಗಳಿಗೆ ನಿಲ್ಲುತ್ತಿದ್ದ,
ಮತ್ತೆ ಮೆತ್ತಗೆ ನಡೆಯುತ್ತಿದ್ದ.

"ಗೊತ್ತಿದ್ದ," ಅಂದೆ. "ಚೆನ್ನಾಗಿ ಹಾಡುತ್ತಿದ್ದ."
ಎಲ್ಲಿಂದ ಬಂತೋ ಆ ಮಾತು.
ಆತ ಪೆಟ್ಟಿಗೆಯನ್ನು ಕೆಳಗಿಟ್ಟೇಬಿಟ್ಟ.
"ಹಾಡುತ್ತಿದ್ದನೇ?
ಮನೆಯಲ್ಲಿ ಒಂದು ದಿನವೂ ಹಾಡಿದವನಲ್ಲ."
ಟೋಪಿ ತೆಗೆದ, ಮತ್ತೆ ಹಾಕಿಕೊಂಡ.
ನಲವತ್ತು ಮೈಲಿ ಹಿಮದಲ್ಲಿ
ಪೆಟ್ಟಿಗೆಯ ಜೊತೆ ಅದನ್ನೂ ಒಯ್ದಿರಬೇಕು,
ಅವನ ತಾಯಿಗೆ ಹೇಳಿಯೂ ಆಗಿರಬೇಕು.

ನಾನು ಸತ್ತಿದ್ದರೆ ಓಬೆಡ್ ನನಗೆ
ಯಾವ ವಿದ್ಯೆ ಕಲಿಸಿರುತ್ತಿದ್ದನೋ.

ಕೂದಲು ಉದುರಿದೆ; ಅಮ್ಮನಿಗೆ ಹೇಳಬೇಡ,
ಮೇ ತಿಂಗಳೊಳಗೆ ಬರುತ್ತದಂತೆ.
ಎರಡು ಜೊತೆ ಕಾಲುಚೀಲ ಬೇಕು, ಬೂದಿಬಣ್ಣದ್ದು.
ಕಣ್ಣು ಮಂಜಾದರೂ ಅವಳು ಹಾಳೆಯನ್ನು ಬೆಳಕಿಗೆ ಹಿಡಿದು
ಬಿದಿರು ಬುಟ್ಟಿಯಂಥ ಈ ಹೆಣಿಗೆ ಕಂಡು
"ಅಡ್ಡಕ್ಕೇನು ಬರೆದಿದ್ದಾನೆ?" ಎಂದರೆ
ಗ್ರೀಕ್ ಎನ್ನು.
ನಂಬುವುದಿಲ್ಲ ಅವಳು.
ಆದರೂ ಹಾಗೇ ಎನ್ನು.

ಅಸಹೆಲ್