ಕಿರುಬೆರಳು

ಚಿಂತಾಮಣಿ, ಚೇಳೂರು ರಸ್ತೆ. ಹನ್ನೊಂದೂಕಾಲು.
ದ್ಯಾವಣ್ಣನ ಕಡೆಯವರು ಬಂದು ಶಟರ್ ಅರ್ಧ ಎಳೆದರು:
‘ಸ್ವಾಮಿಗಳ ಮುಖ ತೆಗಿ. ಬೆಳಕು ಹರಿಯೋದ್ರೊಳಗೆ ನಲವತ್ತು ಫ್ಲೆಕ್ಸು.’

ಮೊನ್ನೆ ಮೈಕಿನಲ್ಲಿ ಅಂದರಲ್ಲ ಸ್ವಾಮಿಗಳು,
‘ನಮ್ಮ ಲೋಟ ಸೂರಿಗೆ ಸಿಕ್ಕಿಸಿದವರ ಬಾಗಿಲಿಗೆ
ವೋಟಿಗಂತ ಕೈಮುಗಿದು ಹೋಗ್ತೀರಾ?
ಆ ಕೈ ಉದುರಲಿ.’
ಮೂವತ್ತು ಸೆಕೆಂಡು. ಎಲ್ಲರ ಫೋನಿನಲ್ಲೂ ಅದೇ.

ಲೋಟದ ಮಾತು ಸುಳ್ಳಲ್ಲ.
ನಮ್ಮಜ್ಜಿಯದು ಕಂಠ ನೆಗ್ಗಿದ್ದು, ಒಳಗೆ ಜೇಡ.
ಶಾಪದ ಮಾತು?
ನಾನೂ ಚಪ್ಪಾಳೆ ತಟ್ಟಿ
ಬೇಕರಿ ಗೌಡರ ಅಂಗಡಿಯಲ್ಲೇ ಟೀ ಕುಡಿದು ಬಂದಿದ್ದೆ.

ಕಾವಿ ಅಳಿಸಿದೆ. ಗಡ್ಡ, ಕನ್ನಡಕ,
ದ್ಯಾವಣ್ಣನಿಗೆ ಅಕ್ಷರ ತಿದ್ದಿಸಿದ ಬಾಯಿ
ಎಲ್ಲ ನೀಲಿ ಆಕಾಶ.
ಕೈಯೊಂದು ಉಳಿಯಿತು,
ಅವನ ನೆತ್ತಿ ಹಿಡಿದ ಐದು ಬೆರಳು.
ತೆಗೆದರೆ ಕೂದಲೂ ಹೋಗುತ್ತದೆ, ಅರ್ಧ ಹಣೆಯೂ.

‘ಪೇಟ ತೊಡಿಸು’ ಅಂದರು.
ಇದ್ದದ್ದು ಒಂದೇ ಪೇಟ,
ಗೌಡರ ಮಗನ ಮದುವೆ ಆಲ್ಬಮ್ಮಿನದು.
ತೊಡಿಸಿದೆ. ಅಳತೆ ಸರಿಹೋಯಿತು.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನೆದುರು ಕಟ್ಟಿದರು.
ಪೇಟದ ಅಂಚಿನಲ್ಲಿ, ಬಲಗಿವಿಯ ಪಕ್ಕ
ಕಿರುಬೆರಳಿನ ಉಗುರೊಂದು ಇಣುಕುತ್ತಿತ್ತು.

ರಾತ್ರಿಯೇ ನೋಡಿದ್ದೆ.