ಈ ತಿಂಗಳ ಕಡಿತ

ರಜೆಯ ಹನ್ನೊಂದನೇ ದಿನ ಬಾಳಗೊಂಡ
ಕರಿ ಟ್ರಂಕಿನ ತಳದಿಂದ ಒಂದು ಕಾಗದ ತೆಗೆದ.
ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿ ಬಂದ
ನನ್ನ ಕೈ ಇನ್ನೂ ಉರಿಯುತ್ತಿತ್ತು. ಮುಟ್ಟಬ್ಯಾಡ ಅಂದ.
ತಾನೇ ಓದಿದ, ಮೊದಲು ಹಿಂದಿಯಲ್ಲಿ, ಪರೇಡಿನ ದನಿಯಲ್ಲಿ,
ಆಮೇಲೆ ನಮ್ಮ ಮಾತಿನಲ್ಲಿ, ಮೆತ್ತಗೆ.

‘ತಿಂಗಳಾ ಪಗಾರದಾಗ ಇಷ್ಟು ಕಡೀತಾರ.
ಪೂರಾ ನೌಕರಿ ಮುಗಿಸಿ ಬಂದ್ರ ಒಂದಿಷ್ಟು ತಿರುಗಿ ಕೊಡ್ತಾರ.
ಬರಲಿಲ್ಲಂದ್ರ...’
ಕಾಗದ ಮಡಚಿದ. ಮತ್ತೆ ಬಿಚ್ಚಿದ.
‘ಬರಲಿಲ್ಲಂದ್ರ ಭಾಳ ಕೊಡ್ತಾರ.’

ನಾನು ಕೇಳಿದ್ದು ದಡ್ಡ ಪ್ರಶ್ನೆ: ಅರ್ಧ ಬಂದರೆ?
ಅದಕ್ಕೂ ಲೆಕ್ಕ ಇದೆಯಂತೆ.
ಅರ್ಧ ಬಂದವರನ್ನು ಡಾಕ್ಟರರು ಅಳೆದು ಶೇಕಡಾ ಹಾಕುತ್ತಾರಂತೆ.
ಬಸರಗಿಯ ವಿಠೋಬಾ ಸುಬೇದಾರರು ನೆನಪಾದರು,
ಸಂತೆಯಲ್ಲಿ ಬೆಲ್ಲಕ್ಕೆ ಚೌಕಾಶಿ ಮಾಡುವಾಗ
ಅಂಗಡಿಯ ಸ್ಟೂಲಿಗೆ ಒರಗಿಸಿ ಇಡುವ ಅವರ ಎಡಗಾಲು.
ಅದು ಎಷ್ಟು ಶೇಕಡಾ ಎಂದು ನಾವು ಯಾರೂ ಕೇಳಿರಲಿಲ್ಲ.

ತೊಡಕು ಇದ್ದದ್ದು ಹೆಸರಿನಲ್ಲಿ.
ಭರ್ತಿಯಾದಾಗ ಇವನಿಗೆ ಹತ್ತೊಂಬತ್ತು,
ನಾಮಿನಿಯ ಕಾಲಮ್ಮಿನಲ್ಲಿ ತಾಯಿಯನ್ನು ಬರೆಸಿದ್ದ.
ಸತ್ಯವ್ವ ಎಂದು ಹೇಳಿದರೆ ಬೆಳಗಾವಿಯ ಗುಮಾಸ್ತ
ಸತ್ಯಾಬಾಯಿ ಎಂದು ಬರೆದುಕೊಂಡ.
ಆಧಾರ್ ಕಾರ್ಡಿನಲ್ಲಿ ಸತ್ಯವಾ.
ರೇಷನ್ ಕಾರ್ಡಿನಲ್ಲಿ ಇನ್ನೂ ಒಂದು ದೀರ್ಘ.

ಈಗ ನನ್ನನ್ನು ಸೇರಿಸಬೇಕು: ಅರ್ಧ ಅವ್ವಗ, ಅರ್ಧ ನಿನಗ.
ನಾನು ಯಾರು?
ಹುಕ್ಕೇರಿಯ ತವರಿನಲ್ಲಿ, ಕನ್ನಡ ಶಾಲೆಯ ದಾಖಲೆಯಲ್ಲಿ, ನೀಲಮ್ಮ.
ಮದುವೆಯ ದಿನ ಅಕ್ಕಿಯ ತಾಟಿನಲ್ಲಿ ಉಂಗುರ ಹಿಡಿಸಿ
ಇವರ ಸೋದರತ್ತೆ ಬರೆಸಿದ್ದು ಸ್ನೇಹಲ್.
ಆ ಅಕ್ಕಿಯನ್ನು ಮರುದಿನವೇ ಬೇಯಿಸಿ ಉಂಡೆವು,
ಹೆಸರು ಮಾತ್ರ ಬ್ಯಾಂಕಿನ ಪುಸ್ತಕದಲ್ಲಿ ಉಳಿದುಕೊಂಡಿತು.

ಗಡಹಿಂಗ್ಲಜದ ವಕೀಲರು ಅಫಿಡವಿಟ್ ಮಾಡಿಕೊಟ್ಟರು, ಮರಾಠಿಯಲ್ಲಿ:
ಇವಳೂ ಅವಳೂ ಒಬ್ಬಳೇ.
ಸ್ಟ್ಯಾಂಪು, ಟೈಪಿಂಗು, ಸಾಕ್ಷಿಯ ಚಹಾ ಸೇರಿ ಆರುನೂರ ನಲವತ್ತು.
ಹಲಕರ್ಣಿ ಬಸ್ಸು ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟು ನಿಂತಾಗ
ಅತ್ತೆ ಥಟ್ಟನೆ ಅಂದರು:
‘ನಾನೂ ಸತ್ಯವ್ವ ಅಲ್ಲ. ತವರಾಗ ನಾ ಪಾರವ್ವ.’
ಮಗನಿಗೂ ಅದು ಗೊತ್ತಿರಲಿಲ್ಲ.
ಕಬ್ಬು ಹಾದುಹೋಗುವವರೆಗೆ ಮೂವರೂ ಕಬ್ಬನ್ನೇ ನೋಡಿದೆವು.

ರಾತ್ರಿ ಕೇಳಿದೆ, ಅಷ್ಟು ದುಡ್ಡು ಬಂದರೆ ನಾನೇನು ಮಾಡಲಿ?
ಯೋಚಿಸಿಯೇ ಹೇಳಿದ.
‘ಮೊದಲ ಬೋರ್ ಹೊಡಸು. ಪೋರಿ ಹೆಸರಿಲೆ ಒಂದಿಷ್ಟು ಇಡು.
ನಮ್ಮಣ್ಣ ಕೈಗಡ ಕೇಳ್ತಾನ, ಕೊಡಬ್ಯಾಡ.’
ಸತ್ತವನು ಇಷ್ಟು ಸ್ಪಷ್ಟವಾಗಿ ಮಾತಾಡಿದ್ದು
ನಾನೆಲ್ಲೂ ಕೇಳಿಲ್ಲ ಎಂದು ನಕ್ಕೆ. ಅವನೂ ನಕ್ಕ.
ಆಮೇಲೆ ಇಬ್ಬರಿಗೂ ನಿದ್ದೆ ಬರಲಿಲ್ಲ.

ಈಗ ಎಲ್ಲಿದ್ದಾನೋ, ಹೇಳುವ ಹಾಗಿಲ್ಲವಂತೆ.
ವಾರಗಟ್ಟಲೆ ಫೋನು ಹತ್ತುವುದಿಲ್ಲ.
ತಿಂಗಳ ಕೊನೆಗೆ ಮೊಬೈಲು ಒಮ್ಮೆ ಗುಂಯ್ ಅನ್ನುತ್ತದೆ: ಪಗಾರ ಜಮಾ.
ಎಷ್ಟು ಬಂತು ಎಂದು ಅತ್ತೆ ಕೇಳುವುದಿಲ್ಲ.
‘ಕಡದಾರೇನ?’ ಅನ್ನುತ್ತಾರೆ, ಬಾಗಿಲ ಚೌಕಟ್ಟು ಹಿಡಿದು.
ಇದ್ದವನ ಪಗಾರದಲ್ಲಿ ತಾನೇ ಕಡಿಯುವುದು.
ಅಂಕಿ ನೋಡಿ, ಬೆರಳು ಮಡಿಚಿ, ಕಳೆದು, ಮತ್ತೊಮ್ಮೆ ಕಳೆದು
ಹೇಳುತ್ತೇನೆ: ‘ಕಡದಾರ, ಅವ್ವಾ.’
ಅವರು ಒಳಗೆ ಹೋಗಿ ಒಲೆಗೆ ಕಟ್ಟಿಗೆ ಒಟ್ಟುತ್ತಾರೆ.