ಎರಡು ಅಡ್ಡ, ಎರಡು ಉದ್ದ

ಬೆಳಗಿನ ಆರೂವರೆಗೆ ಬಂದಳು ಗ್ರಿಸೆಲ್ದಾ,
ರಾತ್ರಿಪಾಳಿಯ ನರ್ಸು, ಬಿಳಿ ಚಪ್ಪಲಿಯಲ್ಲೇ.
ಜುಲೈ ತಿಂಗಳ ಚಳಿ. ಲಾನುಸಿನ ಬೀದಿಯಲ್ಲಿ
ನಾಯಿಗಳೂ ಬಾಯಿ ತೆರೆಯದ ಹೊತ್ತು.
‘ನನ್ನ ಕಾರು ಕೂತುಬಿಟ್ಟಿದೆ’ ಅಂದಳು.
ಪಂಕ್ಚರಾ? ಅಂದೆ.
‘ಇಲ್ಲ. ಕೂತಿದೆ. ಬಂದು ನೋಡು.’

ಆಸ್ಪತ್ರೆಯ ಹಿಂಗೋಡೆಯ ಪಕ್ಕ
ಬೂದು ಬಣ್ಣದ ಹಳೆಯ ರೆನೋ,
ನಾಲ್ಕೂ ಗಾಲಿಯಿಲ್ಲದೆ ಇಟ್ಟಿಗೆಗಳ ಮೇಲೆ,
ಹರಕೆ ಹೊತ್ತ ಮುದುಕಿಯ ಹಾಗೆ ಮಂಡಿಯೂರಿತ್ತು.
ಇಟ್ಟಿಗೆಯೂ ಆಸ್ಪತ್ರೆಯದೇ:
ಹೊಸ ವಾರ್ಡಿಗೆಂದು ತಂದು
ಮೂರು ವರ್ಷದಿಂದ ಕಟ್ಟದೆ ಬಿಟ್ಟದ್ದು.

ಅವಳು ಅಳಲಿಲ್ಲ. ಬಗ್ಗಿ ಇಣುಕಿ ಅಂದಳು:
‘ಎಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದಾನೆ ನೋಡು,
ಎರಡು ಅಡ್ಡ, ಎರಡು ಉದ್ದ.
ಅಡಿಗೆ ಒಂದು ಗೀರೂ ಬಿದ್ದಿಲ್ಲ.’
ಹೌದು, ಅಂದೆ.
ಮತ್ತೇನೂ ಅನ್ನಲಿಲ್ಲ.

ಹಳೆಯ ಗಾಲಿ ನಾಲ್ಕು ಹೊಂದಿಸಿದೆ,
ಒಂದಕ್ಕೊಂದು ದಾಯಾದಿಗಳಂಥವು.
ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು:
ಬೀಗದ ನಟ್ಟು ಇದೆಯಾ ಅಂತ ಕೇಳಿದಳು.
ಗಾಜಿನ ಕಪಾಟಿನಿಂದ ಪೊಟ್ಟಣ ತೆಗೆದೆ.
ಗಾಲಿಗೊಂದರಂತೆ ನಾಲ್ಕು. ತಲೆಗೆ ಆರು ಮೂಲೆಯಿಲ್ಲ,
ಮಗು ಗೀಚಿದ ಹೂವಿನಂಥ ಒಂದು ಸುಳಿ,
ಆ ಸುಳಿಗೇ ಕೂರುವ, ಹೆಬ್ಬೆರಳು ಗಾತ್ರದ
ಒಂದೇ ಒಂದು ಕೀಲಿ.
ಮೆಷಿನ್ನು ಮುಟ್ಟಿಸದೆ ಕೈಯಲ್ಲೇ ಬಿಗಿದೆ, ಸುಳಿ ಸವೆದೀತೆಂದು.

‘ಇದನ್ನು ಕಾರಿನೊಳಗೆ ಇಡಬೇಡ.
ಕಳ್ಳ ಮೊದಲು ಕೈ ಹಾಕುವುದು ಡ್ಯಾಶ್‌ಬೋರ್ಡಿನ ಗೂಡಿಗೆ.’
‘ನಿನಗೆ ಹೇಗೆ ಗೊತ್ತು?’
ಮೂವತ್ತು ವರ್ಷದ ಕಸುಬು, ಅಂದೆ.
ಯಾವ ಕಸುಬು ಎಂದು ಅವಳು ಕೇಳಲಿಲ್ಲ.

ನವೆಂಬರಿನಲ್ಲಿ ಮತ್ತೆ ಬಂದಳು.
ಕಾರಿನ ನೆತ್ತಿಯ ಮೇಲೆಲ್ಲ ಜಕರಂಡದ ನೀಲಿ ಹೂವು,
ಹಿಂದಿನ ಎಡಗಾಲಿ ನೆಲಕಚ್ಚಿತ್ತು.
‘ಕೀಲಿ ಸಿಗುತ್ತಿಲ್ಲ. ಎಷ್ಟು ಜೋಪಾನ ಮಾಡಿದೆನೆಂದರೆ
ನನಗೂ ಸಿಗದಷ್ಟು.’
ಮಾತೆ ಮರಿಯಳ ಪಟದ ಹಿಂದೆ, ಯೆರ್ಬಾ ಸೊಪ್ಪಿನ ಡಬ್ಬಿಯಲ್ಲಿ,
ಗಂಡನ ಕೋಟಿನ ಜೇಬಿನಲ್ಲಿ
(ಬಿಟ್ಟುಹೋದವನು ಉಳಿಸಿದ್ದು ಆ ಕೋಟೊಂದೇ)
ಎಲ್ಲ ಹುಡುಕಿದ್ದಳಂತೆ.
ನನ್ನ ಹುಡುಗ ಲೌತಾರೊ ಗಾಲಿ ಒದ್ದು ನೋಡಿ
‘ಕಂಪನಿಗೆ ಬರೆಯಬೇಕು, ಮೂರು ವಾರ’ ಅಂದ.
ಅವಳ ಪಾಳಿ ಏಳಕ್ಕೆ.

ಡ್ರಾಯರಿನ ತಳದಿಂದ ಹಳೆಯ ಸಾಕೆಟ್ಟೊಂದು ತೆಗೆದೆ,
ನಟ್ಟಿನ ತಲೆಗಿಂತ ಕೂದಲೆಳೆಯಷ್ಟು ಚಿಕ್ಕದು.
ಸುತ್ತಿಗೆಯಲ್ಲಿ ಮೂರು ಪೆಟ್ಟು,
ನಾಲ್ಕನೆಯದು ಮೆತ್ತಗೆ.
ಕೊಳವೆ ಸಿಕ್ಕಿಸಿ ಮೈಭಾರ ಬಿಟ್ಟೆ.
ಕಿರ್ರ್ ಅಂತು. ಬಂತು.
ಲೌತಾರೊ ಫೋನಿನಲ್ಲಿ ಹೊತ್ತು ಹಿಡಿದಿದ್ದ:
ಒಂದು ನಿಮಿಷ ಐವತ್ತು ಸೆಕೆಂಡು.
‘ಯಜಮಾನ್ರೇ, ಇದನ್ನು ಎಲ್ಲಿ ಕಲಿತಿರಿ?’

ಕತ್ತಲಲ್ಲಿ, ಅನ್ನಬೇಕಿತ್ತು.
ಚರ್ಮದ ಫ್ಯಾಕ್ಟರಿ ಮುಚ್ಚಿದ ವರ್ಷ,
ಮೊಣಕಾಲಡಿ ರಟ್ಟು ಹಾಸಿಕೊಂಡು,
ಸಿಳ್ಳೆ ಹಾಕಲು ಬೀದಿಯ ತುದಿಗೆ ತಮ್ಮನನ್ನು ನಿಲ್ಲಿಸಿ.
ಜಾಕು ಇಳಿಸುವಾಗ ಅಡಿಗೆ ಪೆಟ್ಟಾಗಬಾರದು ಅಂತ
ಇಟ್ಟಿಗೆ ಎರಡು ಅಡ್ಡ, ಎರಡು ಉದ್ದ.
ಅಷ್ಟು ಮರ್ಯಾದೆ ಉಳಿದಿತ್ತು ನಮ್ಮ ಹತ್ತಿರ.
ಕೈ ತಾನೇ ಕಲಿಯುತ್ತದೆ ಕಣೋ, ಅಂದೆ.

ಗ್ರಿಸೆಲ್ದಾ ಜಜ್ಜಿದ ನಟ್ಟನ್ನು ಅಂಗೈಯಲ್ಲಿ ಹೊರಳಿಸಿದಳು.
‘ಹಾಗಾದರೆ ಇದು ಯಾತಕ್ಕೆ?’
ಕಳ್ಳನ ಹತ್ತಿರ ಸಾಲ ಕೇಳಲು.
ಗಾಲಿಗೆ ಎರಡು ನಿಮಿಷ, ನಾಲ್ಕಕ್ಕೆ ಎಂಟು.
ಎಂಟು ನಿಮಿಷದಲ್ಲಿ ಯಾರದೋ ಅಡುಗೆಮನೆಯ ದೀಪ ಹತ್ತಬಹುದು,
ಮಗು ಕೆಮ್ಮಬಹುದು,
ಬೀದಿಯ ತುದಿಯಿಂದ ತಮ್ಮ ನಡೆದು ಬಂದು
‘ಸಾಕು, ಮನೆಗೆ ಹೋಗೋಣ’ ಅನ್ನಬಹುದು.

ಒಮ್ಮೆ ಅಂದಿದ್ದ.

ಉಳಿದ ಮೂರನ್ನೂ ಬಿಡಿಸಿ ಹೊಸ ಜೊತೆ ಹಾಕಿದೆ.
ಕೀಲಿ ಕೊಡಹೋದರೆ ತೆಗೆದುಕೊಳ್ಳಲಿಲ್ಲ.
‘ನಿನ್ನ ಹತ್ತಿರವೇ ಇರಲಿ. ನನ್ನ ಮನೆಯಲ್ಲಿ ಕಳೆದುಹೋಗುತ್ತದೆ.’
ಹೂವು ಹೊತ್ತೇ ಹೋಯಿತು ಕಾರು.

ಮೊಳೆಗೆ ನೇತುಹಾಕಿದ್ದೇನೆ.
ಈಗ ಅಂಗಡಿ ಮುಚ್ಚುವಾಗ
ಎರಡೆರಡು ಸಲ ಜಗ್ಗಿ ನೋಡುತ್ತೇನೆ
ನನ್ನದೇ ಬಾಗಿಲಿನ ಬೀಗ.